ಲೀಟರಿಗೆ 11 ಪೈಸೆ

ಯಾವುದಾದರೂ ತಾಲ್ಲೂಕು ಕೇಂದ್ರದ ಕ್ಲಿನಿಕ್ಕಿನಲ್ಲಿ ಅರ್ಧ ದಿನ ಕೂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಡಾಕ್ಟ್ರೇ, ರಾತ್ರಿಯಿಂದ ಭೇದಿ ನಿಲ್ತಾ ಇಲ್ಲ, ಒಂದು ಬಾಟ್ಲಿ ಗ್ಲೂಕೋಸ್ ಹಾಕ್ಬಿಡಿ." ಸ್ಟ್ಯಾಂಡಿನಿಂದ ತೂಗುವ ಆ ಬಾಟ್ಲಿಯ ಮೇಲೆ ನಮಗೆ ಅಪಾರ ನಂಬಿಕೆ. ಅದೇ ಉಪ್ಪು, ಅದೇ ಸಕ್ಕರೆ, ಅದೇ ನೀರನ್ನು ಲೋಟದಲ್ಲಿ ಕೊಟ್ಟರೆ ಔಷಧ ಅನ್ನಿಸುವುದಿಲ್ಲ. ಈ ತಾರತಮ್ಯವನ್ನು ಹಳ್ಳಿಗರ ಅಜ್ಞಾನ ಎಂದು ತಳ್ಳಿಹಾಕುವವರು ಒಂದು ಸಂಗತಿ ಮರೆಯುತ್ತಾರೆ. ಭೇದಿಯಾದವರ ಬಾಯಿಗೆ ಏನೂ ಹಾಕಬಾರದು, ಹಾಕಿದರೂ ಕರುಳಿಗೆ ಹತ್ತುವುದಿಲ್ಲ ಎಂದು ಸುಮಾರು ನೂರು ವರ್ಷ ಹೇಳಿಕೊಟ್ಟವರು ವೈದ್ಯರೇ.

1817ರಲ್ಲಿ ಬಂಗಾಳದಿಂದ ಹೊರಟ ಕಾಲರಾ 1831ರ ಹೊತ್ತಿಗೆ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಬಂದರನ್ನು ಮುಟ್ಟಿತು. ನಮ್ಮಲ್ಲಿ ವಾಂತಿಭೇದಿ ಎಂದು ಕರೆಯುತ್ತಿದ್ದ ಈ ರೋಗ ಬೆಳಗ್ಗೆ ಗಟ್ಟಿಮುಟ್ಟಾಗಿದ್ದವನನ್ನು ಸಂಜೆಗೆ ಹೆಣ ಮಾಡುತ್ತಿತ್ತು. ಅಕ್ಕಿ ತೊಳೆದ ನೀರಿನಂಥ ಭೇದಿ, ಕೆಲವರಿಗೆ ಗಂಟೆಗೆ ಒಂದು ಲೀಟರಿನಷ್ಟು. ಕಣ್ಣು ಗುಳಿ ಬಿದ್ದು, ಚರ್ಮ ಸುಕ್ಕುಗಟ್ಟಿ, ನಾಡಿ ಕೈಗೆ ಸಿಗದಂತಾಗುತ್ತಿತ್ತು. ಆಗಿನ ಚಿಕಿತ್ಸೆ ಏನು ಗೊತ್ತೇ? ರಕ್ತ ಹರಿಸುವುದು, ಪಾದರಸದ ಭೇದಿಮಾತ್ರೆ ಕೊಡುವುದು. ಬತ್ತಿದ ಬಾವಿಯಿಂದ ಇನ್ನೂ ನಾಲ್ಕು ಕೊಡ ಸೇದಿದ ಹಾಗೆ.

ಎಡಿನ್‌ಬರೋದಲ್ಲಿ ಓದಿ ಬಂದಿದ್ದ ವಿಲಿಯಂ ಬ್ರೂಕ್ ಓಶಾನೆಸ್ಸಿಗೆ ಆಗ 22 ವರ್ಷ. ಸಂಡರ್‌ಲ್ಯಾಂಡಿಗೆ ಹೋಗಿ ರೋಗಿಗಳ ರಕ್ತವನ್ನೂ ಭೇದಿಯನ್ನೂ ರಾಸಾಯನಿಕವಾಗಿ ಪರೀಕ್ಷಿಸಿದ. ರಕ್ತದಲ್ಲಿ ನೀರು ಕಡಿಮೆಯಾಗಿತ್ತು, ಉಪ್ಪಿನಂಶ ಮತ್ತು ಕ್ಷಾರ ಕಡಿಮೆಯಾಗಿತ್ತು. ರಕ್ತದಲ್ಲಿ ಕಾಣೆಯಾದದ್ದೆಲ್ಲ ಭೇದಿಯಲ್ಲಿ ಸಿಕ್ಕಿತು. ಹೋದದ್ದನ್ನು ತಿರುಗಿ ಕೊಡಬೇಕು ಎಂದು ಆತ 'ಲ್ಯಾನ್ಸೆಟ್' ಪತ್ರಿಕೆಗೆ ಬರೆದ. ಅದನ್ನು ಓದಿ ಕೈಗೆತ್ತಿಕೊಂಡವರು ಎಡಿನ್‌ಬರೋ ಪಕ್ಕದ ಲೀತ್ ಬಂದರಿನ ವೈದ್ಯ ಥಾಮಸ್ ಲಾಟಾ. 1832ರ ಮೇ ತಿಂಗಳಲ್ಲಿ, ಎಲ್ಲರೂ ಕೈಬಿಟ್ಟಿದ್ದ ಒಬ್ಬ ಮುದುಕಿಯ ನರಕ್ಕೆ ಕೊಳವೆ ಹಾಕಿ ಉಪ್ಪುನೀರು ಬಿಡಲು ಶುರುಮಾಡಿದರು. ಮೊದಮೊದಲು ಏನೂ ಆಗಲಿಲ್ಲ. ಆಮೇಲೆ ಉಸಿರು ಸರಾಗವಾಯಿತು, ಮುಖಕ್ಕೆ ಕಳೆ ಬಂತು. ಅರ್ಧ ಗಂಟೆಯಲ್ಲಿ ಸುಮಾರು 3 ಲೀಟರ್ ಹೋದ ಮೇಲೆ ಆಕೆ ತಮಾಷೆಯಾಗಿ ಮಾತನಾಡುತ್ತಿದ್ದಳು, ಇನ್ನೇನು ಸ್ವಲ್ಪ ನಿದ್ದೆ ಮಾಡಿದರೆ ಸಾಕು ಅಂದಳು. ಲಾಟಾ ಆಕೆಯನ್ನು ಆಸ್ಪತ್ರೆಯವರಿಗೆ ಒಪ್ಪಿಸಿ ಹೊರಟರು. ಭೇದಿ ಮತ್ತೆ ಶುರುವಾಯಿತು. ಮತ್ತೆ ನೀರು ಕೊಡುವವರಿರಲಿಲ್ಲ. ಐದೂವರೆ ಗಂಟೆಯಲ್ಲಿ ಆಕೆ ಸತ್ತಳು.

ಹೊರಗೆ ಹರಿಯುತ್ತಿರುವಷ್ಟು ಕಾಲವೂ ಒಳಗೆ ತುಂಬುತ್ತಲೇ ಇರಬೇಕು ಎಂಬ ಪಾಠ ಆ ಸಾವಿನಲ್ಲೇ ಇತ್ತು. ಅದು ಪಕ್ಕಾ ಅರ್ಥವಾಗಲು 136 ವರ್ಷ ಬೇಕಾಯಿತು. ಲಾಟಾ ಮರುವರ್ಷವೇ ತೀರಿಕೊಂಡರು. ಓಶಾನೆಸ್ಸಿ ಕಲ್ಕತ್ತೆಗೆ ಬಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಿ, ಮುಂದೆ ಭಾರತದಲ್ಲಿ ಟೆಲಿಗ್ರಾಫ್ ತಂತಿ ಎಳೆಸಿದ ಮನುಷ್ಯನೆಂದು ಹೆಸರಾದ. ನರಕ್ಕೆ ಉಪ್ಪುನೀರು ಬಿಡುವ ಪದ್ಧತಿ ಮೂಲೆ ಸೇರಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯಲ್ಲಿದ್ದ ಲಿಯೊನಾರ್ಡ್ ರೋಜರ್ಸ್ ಅದನ್ನು ಹೊರತೆಗೆದು, ಸಾವನ್ನು ಸುಮಾರು ಅರ್ಧಕ್ಕೆ ಇಳಿಸಿದರು. ಬಾಟ್ಲಿಯ ಪ್ರತಿಷ್ಠೆ ಅಲ್ಲಿಂದ ಬೆಳೆಯಿತು. ಅದು ಸುಳ್ಳು ಪ್ರತಿಷ್ಠೆಯೇನಲ್ಲ. ಇವತ್ತಿಗೂ ನಾಡಿ ಕುಸಿದವನಿಗೆ, ಪ್ರಜ್ಞೆ ತಪ್ಪಿದವನಿಗೆ ಡ್ರಿಪ್ಪೇ ಬೇಕು.

ಆದರೆ ಬಾಯಿಂದ ಯಾಕೆ ಕೊಡಬಾರದು? ಇದಕ್ಕೆ ಹತ್ತೊಂಬತ್ತನೆಯ ಶತಮಾನದ ರೋಗಶಾಸ್ತ್ರಜ್ಞರು ಕೊಟ್ಟ ಉತ್ತರ ನೋಡುವುದಕ್ಕೆ ತರ್ಕಬದ್ಧವಾಗಿತ್ತು. ಕಾಲರಾದಿಂದ ಸತ್ತವರ ಹೊಟ್ಟೆ ಕೊಯ್ದಾಗ ಕರುಳಿನ ಒಳಪದರ ಸುಲಿದುಬಂದಿರುತ್ತಿತ್ತು. ಚರ್ಮವೇ ಕಿತ್ತುಹೋದ ಕರುಳು ಹೀರುವುದೆಲ್ಲಿ? ಕುಡಿಸಿದರೆ ಇನ್ನಷ್ಟು ಹರಿದುಹೋಗುತ್ತದೆ, ಆದ್ದರಿಂದ ಕರುಳಿಗೆ ವಿಶ್ರಾಂತಿ ಕೊಡಿ. ನಮ್ಮ 'ಲಂಘನಂ ಪರಮೌಷಧಂ' ಕೂಡ ಇದರ ಜೊತೆ ಸಲೀಸಾಗಿ ಹೊಂದಿಕೊಂಡಿತು. ಅವರ್ಯಾರೂ ಬದುಕಿರುವವನ ಕರುಳು ನೋಡಿರಲಿಲ್ಲ, ನೋಡುವ ಉಪಾಯವೂ ಇರಲಿಲ್ಲ. ಸತ್ತ ಮೇಲೆ ಎಲ್ಲರ ಕರುಳೂ ಬೇಗ ಕಳಚುತ್ತದೆ. 1960ರ ಸುಮಾರಿಗೆ ಬ್ಯಾಂಕಾಕಿನಲ್ಲಿ ಯೂಜೀನ್ ಗಂಗರೋಸ ಎಂಬ ಅಮೆರಿಕನ್ ವೈದ್ಯ ಮತ್ತವರ ಸಂಗಡಿಗರು ಬದುಕಿರುವ ರೋಗಿಗಳಿಗೆ ಕೊಳವೆಗೆ ಕಟ್ಟಿದ ಪುಟ್ಟ ಲೋಹದ ಗುಳಿಗೆ ನುಂಗಿಸಿ, ಅದರಿಂದ ಕರುಳಿನ ಚೂರನ್ನು ಕತ್ತರಿಸಿ ತಂದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಒಳಪದರ ಇದ್ದಲ್ಲೇ ಇತ್ತು.

ಹಾಗಿದ್ದರೆ ಅಷ್ಟು ನೀರು ಎಲ್ಲಿಂದ ಬರುತ್ತದೆ? ಇದಕ್ಕೆ ಉತ್ತರ ಕಂಡವರು ಕಲ್ಕತ್ತೆಯ ಶಂಭುನಾಥ ಡೇ. ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಬಿಗಿದು, ಮಧ್ಯಕ್ಕೆ ಕಾಲರಾ ಕ್ರಿಮಿಗಳನ್ನು ಬಿಟ್ಟರು. ತುಂಡು ನೀರು ತುಂಬಿದ ಬಲೂನಿನಂತೆ ಉಬ್ಬಿತು. ಆಮೇಲೆ ಕ್ರಿಮಿಗಳನ್ನು ಪೂರ್ತಿ ಸೋಸಿ ತೆಗೆದ ದ್ರವವನ್ನಷ್ಟೇ ಬಿಟ್ಟು ನೋಡಿದರು. ಆಗಲೂ ಉಬ್ಬಿತು. ಅಂದರೆ ಕ್ರಿಮಿ ಕರುಳನ್ನು ಕೊರೆಯುತ್ತಿರಲಿಲ್ಲ. ಅದು ಬಿಡುವ ವಿಷ, ಆರೋಗ್ಯವಾಗಿಯೇ ಇರುವ ಕರುಳಿನಿಂದ ನೀರು ಸುರಿಸುತ್ತಿತ್ತು. 1959ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಡೇ ಅವರ ಬರಹ ಚಿಕ್ಕದು. ಅದಕ್ಕೆ ಸಿಗಬೇಕಾದ ಮನ್ನಣೆ ಸಿಗಲಿಲ್ಲ. ನೊಬೆಲ್ ಪುರಸ್ಕೃತ ಜೋಶುವಾ ಲೆಡರ್‌ಬರ್ಗ್ ಇವರ ಹೆಸರನ್ನು ನೊಬೆಲ್‌ಗೆ ಸೂಚಿಸಿದ್ದುಂಟು. 1985ರಲ್ಲಿ ತೀರಿಕೊಂಡಾಗ ಸ್ವದೇಶದಲ್ಲಿ ಅವರನ್ನು ಬಲ್ಲವರು ಕಡಿಮೆ.

ಇಲ್ಲಿ ಕಥೆ ನಿಲ್ಲಿಸಿ ಒಮ್ಮೆ ಕರುಳಿನೊಳಕ್ಕೆ ಇಣುಕಬೇಕು. ದಿನಕ್ಕೆ ನಾವು ಉಂಡು-ಕುಡಿದು ಒಳಗೆ ಹಾಕುವ ದ್ರವ ಸುಮಾರು 2 ಲೀಟರ್. ಸಣ್ಣ ಕರುಳಿಗೆ ಬಂದು ಬೀಳುವುದು ಮಾತ್ರ 8-9 ಲೀಟರ್. ಹೆಚ್ಚಿನದೆಲ್ಲ ನಮ್ಮ ಮೈಯದ್ದೇ: ಜೊಲ್ಲು, ಜಠರರಸ, ಪಿತ್ತ, ಮೇದೋಜೀರಕ ರಸ, ಕರುಳು ತಾನೇ ಒಸರಿಸುವ ನೀರು. ಇಷ್ಟರಲ್ಲಿ ಮಲದೊಂದಿಗೆ ಹೊರಗೆ ಹೋಗುವುದು 100-200 ಮಿಲಿಲೀಟರ್. ಮಿಕ್ಕದ್ದು ರಕ್ತಕ್ಕೆ ವಾಪಸ್. ಈ ಭಾರೀ ಲೇವಾದೇವಿ ನಡೆಯುವುದು ಬೆರಳಿನಂಥ ಅತಿಸಣ್ಣ ಚಾಚುಗಳಿಂದ ತುಂಬಿದ ಒಳಪದರದಲ್ಲಿ. ಚಾಚುಗಳು ಹೀರುತ್ತವೆ, ಅವುಗಳ ಬುಡದ ಕುಳಿಗಳು ಒಸರುತ್ತವೆ. ಸೋಜಿಗವೆಂದರೆ, ನೀರನ್ನೇ ಎಳೆದುಕೊಳ್ಳುವ ಪಂಪು ಕರುಳಿನಲ್ಲಿ ಎಲ್ಲೂ ಇಲ್ಲ. ಕರುಳು ಸಾಗಿಸುವುದು ಉಪ್ಪನ್ನು, ಉಪ್ಪು ಹೋದ ಕಡೆ ನೀರು ಹೋಗುತ್ತದೆ. ಜೀವಕೋಶದ ರಕ್ತದ ಬದಿಯಲ್ಲಿರುವ ಪಂಪು ಸೋಡಿಯಂ ಅನ್ನು ಸದಾ ಹೊರಗೆ ತಳ್ಳುತ್ತಿರುತ್ತದೆ. ಖಾಲಿಯಾದ ಜಾಗಕ್ಕೆ ಕರುಳಿನ ಕಡೆಯಿಂದ ಹೊಸ ಸೋಡಿಯಂ ನುಗ್ಗುತ್ತದೆ. ನುಗ್ಗುವುದಕ್ಕೆ ಬಾಗಿಲುಗಳು ಹಲವು.

ಕಾಲರಾದ ವಿಷ ಮಾಡುವುದು ಎರಡು ಕೇಡು. ಜೀವಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ವಸ್ತುವನ್ನು ಏರಿಸಿ, ಕುಳಿಗಳಲ್ಲಿರುವ ಕ್ಲೋರೈಡ್ ನಲ್ಲಿಯನ್ನು ತಿರುಗಿಸಿಟ್ಟುಬಿಡುತ್ತದೆ. ಕ್ಲೋರೈಡ್ ಹೊರಬಿದ್ದಾಗ ಸೋಡಿಯಂ ಹಿಂಬಾಲಿಸುತ್ತದೆ, ಅವೆರಡರ ಹಿಂದೆ ನೀರು. ಜೊತೆಗೆ ಸೋಡಿಯಂ ಮತ್ತು ಕ್ಲೋರೈಡ್ ಒಟ್ಟಿಗೆ ಒಳಬರುವ ಬಾಗಿಲನ್ನೂ ಮುಚ್ಚುತ್ತದೆ. ಬರೀ ಉಪ್ಪುನೀರು ಕುಡಿಸಿದರೆ ಹತ್ತದೇ ಇರುವುದು ಇದಕ್ಕೇ. ಹಳೆಯ ವೈದ್ಯರು ಕಂಡದ್ದು ಸುಳ್ಳಾಗಿರಲಿಲ್ಲ, ಕೊಟ್ಟ ಕಾರಣ ತಪ್ಪಾಗಿತ್ತು. ಆದರೆ ಆ ವಿಷ ಮುಟ್ಟದ ಬಾಗಿಲು ಒಂದಿದೆ, ಮತ್ತು ಅದು ಸಕ್ಕರೆಯ ಬಾಗಿಲು. 1960ರ ಆಗಸ್ಟಿನಲ್ಲಿ ಪ್ರಾಗ್‌ನ ಒಂದು ವಿಜ್ಞಾನಗೋಷ್ಠಿಯಲ್ಲಿ ರಾಬರ್ಟ್ ಕ್ರೇನ್ ಎಂಬ ಜೀವರಸಾಯನಶಾಸ್ತ್ರಜ್ಞ ಅದನ್ನು ವಿವರಿಸಿದ್ದ. ಗ್ಲೂಕೋಸ್ ಒಂಟಿಯಾಗಿ ಒಳಗೆ ಹೋಗುವುದಿಲ್ಲ, ಸೋಡಿಯಂ ಕೈ ಹಿಡಿದೇ ಹೋಗುತ್ತದೆ, ಎರಡಕ್ಕೂ ವಾಹಕ ಒಂದೇ. ಕ್ರೇನ್‌ನ ಆಸಕ್ತಿ ಇದ್ದದ್ದು ಸಕ್ಕರೆ ಹೇಗೆ ಒಳಹೋಗುತ್ತದೆ ಎಂಬುದರಲ್ಲಿ. ಕಾಲರಾ ಆತನ ತಲೆಯಲ್ಲಿರಲಿಲ್ಲ.

ಪ್ರಾಗ್‌ಗೂ ಏಳು ವರ್ಷ ಮೊದಲೇ ಕಲ್ಕತ್ತೆಯಲ್ಲಿ ಒಬ್ಬರು ಇದನ್ನು ಮಾಡಿ ಮುಗಿಸಿದ್ದರು. ಹೇಮೇಂದ್ರನಾಥ ಚಟರ್ಜಿ 1953ರ ಲ್ಯಾನ್ಸೆಟ್‌ನಲ್ಲಿ ಬರೆದ ಪ್ರಕಾರ, 186 ಮಂದಿ ಕಾಲರಾ ರೋಗಿಗಳಿಗೆ ಮೊದಲು ವಾಂತಿ ನಿಲ್ಲುವ ಮಾತ್ರೆ ಕೊಟ್ಟು, ಆಮೇಲೆ ಲೀಟರ್ ನೀರಿಗೆ 4 ಗ್ರಾಂ ಉಪ್ಪು, 25 ಗ್ರಾಂ ಗ್ಲೂಕೋಸ್ ಬೆರೆಸಿ ಕುಡಿಸಿದರು. ಭೇದಿ ತಗ್ಗಲು ಒಂದು ಎಲೆಯ ರಸವನ್ನೂ ಬಳಸಿದರು. ಅದು ಕೋಲಿಯಸ್ ಅರೊಮ್ಯಾಟಿಕಸ್, ನಮ್ಮ ಹಿತ್ತಲಿನ ದೊಡ್ಡಪತ್ರೆ! ರೋಗಿಗಳು ಚೇತರಿಸಿಕೊಂಡರು. ಪಶ್ಚಿಮದವರು ಕಿವಿಗೊಡಲಿಲ್ಲ. ಎಷ್ಟು ಹೋಯಿತು, ಎಷ್ಟು ಬಂತು ಎಂಬ ಅಳತೆ ಚಟರ್ಜಿಯವರಲ್ಲಿರಲಿಲ್ಲ, ಹೋಲಿಸಿ ನೋಡಲು ಇನ್ನೊಂದು ಗುಂಪೂ ಇರಲಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಲಂಡನ್ನಿನ ವೈದ್ಯನೊಬ್ಬ ಹೀಗೆ ಬರೆದಿದ್ದರೆ ಯಾರಾದರೂ ಅಳೆದು ನೋಡುವಷ್ಟು ತಾಳ್ಮೆ ತೋರಿಸುತ್ತಿರಲಿಲ್ಲವೇ ಎಂಬ ಅನುಮಾನ ನನಗಂತೂ ಹೋಗುವುದಿಲ್ಲ.

ಇನ್ನೊಬ್ಬ ಕೈಗೆ ಬಂದದ್ದನ್ನು ತಾನೇ ಚೆಲ್ಲಿಕೊಂಡ. ಅಮೆರಿಕದ ನೌಕಾಪಡೆಯ ಕ್ಯಾಪ್ಟನ್ ರಾಬರ್ಟ್ ಫಿಲಿಪ್ಸ್ ಡ್ರಿಪ್ ಚಿಕಿತ್ಸೆಯನ್ನು ಕರಾರುವಾಕ್ಕಾಗಿ ಮಾಡುವುದರಲ್ಲಿ ನಿಸ್ಸೀಮ. 1962ರಲ್ಲಿ ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ ಕಾಲರಾ ಹಬ್ಬಿದ್ದಾಗ, ಉಪ್ಪುನೀರಿಗೆ ಗ್ಲೂಕೋಸ್ ಸೇರಿಸಿ ಕುಡಿಸಿದರೆ ರೋಗಿಗಳ ಕರುಳು ಸೋಡಿಯಂ ಹೀರುತ್ತದೆ ಎಂದು ಆತ ಕಂಡುಕೊಂಡ. ಉತ್ಸಾಹದಲ್ಲಿ ಹೆಚ್ಚು ರೋಗಿಗಳ ಮೇಲೆ ಪ್ರಯೋಗ ಮಾಡಿಸಿದ. ಆದರೆ ಆ ಮಿಶ್ರಣ ತೀರಾ ಗಾಢವಾಗಿತ್ತು. ಕರುಳಿನಲ್ಲಿ ಸಾಂದ್ರತೆ ಹೆಚ್ಚಾದರೆ ನೀರು ರಕ್ತಕ್ಕೆ ಹೋಗುವ ಬದಲು ರಕ್ತದಿಂದಲೇ ಕರುಳಿಗೆ ಇಳಿಯುತ್ತದೆ. ಐವರು ಸತ್ತರು. ಫಿಲಿಪ್ಸ್ ಈ ಪೆಟ್ಟಿನಿಂದ ಚೇತರಿಸಿಕೊಳ್ಳಲಿಲ್ಲ. ಬಾಯಿಂದ ಕೊಡುವ ಚಿಕಿತ್ಸೆ ಎಂದರೆ ಮುಂದೆ ಬಹುಕಾಲ ಹಿಂಜರಿಯುತ್ತಿದ್ದ. ಕಾಲರಾ ವಿಷ ಸೋಡಿಯಂ ಪಂಪನ್ನೇ ಕೆಡಿಸುತ್ತದೆ ಎಂಬ ಆತನ ನಂಬಿಕೆಯೂ ಸಡಿಲವಾಗಲಿಲ್ಲ. ವಿಧಿ ನೋಡಿ, 1965ರಲ್ಲಿ ಢಾಕಾದ ಕಾಲರಾ ಸಂಶೋಧನಾ ಪ್ರಯೋಗಾಲಯಕ್ಕೆ ನಿರ್ದೇಶಕನಾಗಿ ಬಂದದ್ದು ಇದೇ ಫಿಲಿಪ್ಸ್.

ಢಾಕಾ ಆಗ ಪೂರ್ವ ಪಾಕಿಸ್ತಾನ. ಅಮೆರಿಕದಿಂದ ಬಂದಿದ್ದ ಇಪ್ಪತ್ತರ ಹರೆಯ ದಾಟುತ್ತಿದ್ದ ವೈದ್ಯರ ಒಂದು ದಂಡೇ ಅಲ್ಲಿತ್ತು. ಡೇವಿಡ್ ಸಾಚರ್ ರೋಗಿಗಳ ಕರುಳಿನ ಗೋಡೆಯ ಎರಡು ಬದಿಗಳ ನಡುವಿನ ವಿದ್ಯುತ್ ವ್ಯತ್ಯಾಸ ಅಳೆದು, ಗ್ಲೂಕೋಸ್ ಬಿದ್ದ ಕೂಡಲೇ ಅದು ಏರುವುದನ್ನು ತೋರಿಸಿದ. ಪಂಪು ಕೆಟ್ಟಿದ್ದರೆ ಹಾಗಾಗುತ್ತಿರಲಿಲ್ಲ. ನಾರ್ಬರ್ಟ್ ಹರ್ಶ್‌ಹಾರ್ನ್ ರೋಗಿಗಳ ಕರುಳಿಗೆ ಕೊಳವೆಯ ಮೂಲಕ ಗ್ಲೂಕೋಸ್-ಉಪ್ಪಿನ ದ್ರವ ಬಿಟ್ಟು, ಭೇದಿಯ ಪ್ರಮಾಣ ಇಳಿಯುವುದನ್ನು ಅಳೆದ. ಕಲ್ಕತ್ತೆಯಲ್ಲಿ ನಥಾನಿಯಲ್ ಪಿಯರ್ಸ್ ಮತ್ತು ಸಂಗಡಿಗರು ಅದೇ ಹೊತ್ತಿಗೆ ಅದನ್ನೇ ಕಂಡರು. ಆದರೆ ಆಸ್ಪತ್ರೆಯ ಹಾಸಿಗೆಯಲ್ಲಿ, ಲೋಟದಿಂದ, ಗುಟುಕು ಗುಟುಕಾಗಿ ಕುಡಿಸಿದರೆ? 1967ರಲ್ಲಿ ಚಿತ್ತಗಾಂಗ್ ಕಡೆ ಮಾಡಿದ ಮೊದಲ ಪ್ರಯತ್ನ ಕೈಕೊಟ್ಟಿತು. ಸೋತದ್ದು ಯಾಕೆಂದು ಡೇವಿಡ್ ನೇಲಿನ್ ಲೆಕ್ಕದ ಹಾಳೆಗಳನ್ನು ಹರಡಿಕೊಂಡು ನೋಡಿದ. ಹೋದಷ್ಟು ಕೊಟ್ಟಿರಲೇ ಇಲ್ಲ! ಲೀತ್‌ನ ಮುದುಕಿಗೆ ಆದದ್ದೂ ಅದೇ.

ಮುಂದಿನ ವರ್ಷ ನೇಲಿನ್ ಮತ್ತು ರಿಚರ್ಡ್ ಕ್ಯಾಶ್ ಢಾಕಾದಲ್ಲಿ 29 ರೋಗಿಗಳನ್ನು ಆಯ್ದುಕೊಂಡರು. ಕಾಲರಾ ಮಂಚ ಎಂದರೆ ಮಧ್ಯದಲ್ಲಿ ತೂತಿರುವ ಕ್ಯಾನ್‌ವಾಸ್ ಮಂಚ, ಕೆಳಗೆ ಗೆರೆ ಹಾಕಿದ ಬಕೆಟ್. ಬಕೆಟ್ಟಿನಲ್ಲಿ ಬಿದ್ದದ್ದನ್ನು ಅಳೆಯುವುದು, ಅಷ್ಟನ್ನೂ ಬಾಯಿಂದ ತುಂಬುವುದು. ಹಗಲು ರಾತ್ರಿ ಪಾಳಿ ಹಾಕಿಕೊಂಡು ಇಬ್ಬರೂ ಇದನ್ನೇ ಮಾಡಿದರು. ಮೊದಲ ಏಟಿಗೆ ಡ್ರಿಪ್ ಕೊಟ್ಟು ನಾಡಿಯನ್ನು ಸ್ಥಿಮಿತಕ್ಕೆ ತಂದ ಮೇಲೆ, ಮುಂದೆ ಬೇಕಾಗುವ ಡ್ರಿಪ್ಪಿನಲ್ಲಿ ಶೇಕಡಾ 80ರಷ್ಟನ್ನು ಉಳಿಸಬಹುದು ಎಂದು ತೇಲಿಬಂತು. 1968ರ ಆಗಸ್ಟಿನಲ್ಲಿ ಲ್ಯಾನ್ಸೆಟ್ ಇದನ್ನು ಪ್ರಕಟಿಸಿತು. ರಫೀಕುಲ್ ಇಸ್ಲಾಂ, ಮಜೀದ್ ಮೊಲ್ಲಾ ಅವರ ಹೆಸರುಗಳ ನಂತರ ಲೇಖಕರ ಸಾಲಿನಲ್ಲಿ ಕೊನೆಯ ಹೆಸರು ಫಿಲಿಪ್ಸನದೇ.

ಒಂದು ವಾರ್ಡಿನಲ್ಲಿ, ಅಳತೆಯ ಬಕೆಟ್ಟಿಟ್ಟು, ಪಳಗಿದ ವೈದ್ಯರು ಮಾಡಿದ್ದು ಇದು. ಊರಿಗೆ ಊರೇ ಮಲಗಿದಾಗ ನಡೆದೀತೇ ಎಂಬುದಕ್ಕೆ ಉತ್ತರ 1971ರಲ್ಲಿ ಬಂತು. ಪೂರ್ವ ಪಾಕಿಸ್ತಾನದಲ್ಲಿ ಸೇನೆಯ ದಾಳಿ ಶುರುವಾಗಿ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದರು. ಮಳೆಗಾಲ. ಶಿಬಿರಗಳಲ್ಲಿ ಕಾಲರಾ ಹೊಕ್ಕಿತು. ಕಲ್ಕತ್ತೆಯ ಜಾನ್ಸ್ ಹಾಪ್‌ಕಿನ್ಸ್ ಸಂಶೋಧನಾ ಕೇಂದ್ರದಲ್ಲಿದ್ದ ದಿಲೀಪ್ ಮಹಲನಬೀಸ್ ಜೂನ್ ಕೊನೆಯಲ್ಲಿ ಗಡಿಯ ಬನಗಾಂವ್ ಆಸ್ಪತ್ರೆಗೆ ಬಂದು ನೋಡುತ್ತಾರೆ: 16 ಹಾಸಿಗೆ, ಎರಡು ಕೋಣೆ, ನೆಲದ ಮೇಲೆ ಕಾಲಿಡಲು ಜಾಗವಿಲ್ಲದಂತೆ ರೋಗಿಗಳು. ಡ್ರಿಪ್ ಹಾಕಬೇಕಾದರೆ ವಾಂತಿ ಭೇದಿಯ ರೊಚ್ಚಿನಲ್ಲೇ ಮಂಡಿಯೂರಬೇಕು. ಡ್ರಿಪ್ ಹಾಕಲು ಬಲ್ಲವರು ಬೆರಳೆಣಿಕೆ. ಎರಡು ದಿನದಲ್ಲಿ ಅವರಿಗೆ ಸ್ಪಷ್ಟವಾಯಿತು, ಬಾಟ್ಲಿಗಳನ್ನು ನಂಬಿಕೊಂಡರೆ ಹೆಣ ಎಣಿಸುವುದೊಂದೇ ಕೆಲಸ.

ಕಲ್ಕತ್ತೆಯ ಕೇಂದ್ರದ ಲೈಬ್ರರಿ ಕೋಣೆ ಕಾರ್ಖಾನೆಯಾಯಿತು. 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ, ಲೀಟರ್ ನೀರಿಗೆ ಈ ಲೆಕ್ಕ. ಎಲ್ಲ ಬಜಾರಿನಲ್ಲಿ ಸಿಗುವ ಸಾಮಾನು. ತೂಗಿ ಪಾಲಿಥೀನ್ ಚೀಲಕ್ಕೆ ಸುರಿದು, ಬಾಯಿಗೆ ಇಸ್ತ್ರಿಪೆಟ್ಟಿಗೆ ಒತ್ತಿ ಬೆಸೆದು ಬನಗಾಂವ್‌ಗೆ ಸಾಗಿಸಿದರು. ಅಲ್ಲಿ ನಲ್ಲಿಯಿರುವ ಡ್ರಮ್ಮುಗಳಲ್ಲಿ ಕರಗಿಸಿಟ್ಟರು. ರೋಗಿಯ ತಾಯಿ, ಅಣ್ಣ, ನೆರೆಯವರು ಯಾರಾದರೂ ಮಗ್ಗಿನಲ್ಲಿ ಹಿಡಿದು ತಂದು ಕುಡಿಸಬಹುದು. ಖರ್ಚು ಲೀಟರಿಗೆ 11 ಪೈಸೆ. ಬಾಟ್ಲಿ ಇಲ್ಲದ ಚಿಕಿತ್ಸೆ ಎಂದರೆ ನಮ್ಮನ್ನು ವಂಚಿಸುತ್ತಿದ್ದಾರೆ ಎಂದು ಜನ ಅನುಮಾನಿಸಿದಾಗ, ಇದೂ ಸಲೈನೇ, ಬಾಯಿಂದ ಕುಡಿಯುವ ಸಲೈನ್ ಎಂದು ಹೇಳಿ ಒಪ್ಪಿಸಬೇಕಾಯಿತು. ಎಂಟು ವಾರಗಳಲ್ಲಿ 3,700 ರೋಗಿಗಳು. ಅವರಲ್ಲಿ ಸತ್ತವರು ಶೇಕಡಾ 3.6. ಮೊದಲು ಆ ಪ್ರಮಾಣ ಶೇಕಡಾ 30ರ ಆಸುಪಾಸಿನಲ್ಲಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಧಿಮನ್ ಬರುವಾ ಬಂದು ಕಣ್ಣಾರೆ ಕಂಡು ಹೋದರು. ಬಾಂಗ್ಲಾದೇಶದ ಗುಪ್ತ ರೇಡಿಯೋ ಈ ಪಾಕವನ್ನು ಬಿತ್ತರಿಸಿತು.

ವೈದ್ಯಕೀಯ ಪತ್ರಿಕೆಗಳು ಅಷ್ಟು ಬೇಗ ಒಪ್ಪಲಿಲ್ಲ. ಮಹಲನಬೀಸರ ವರದಿ ಒಂದೆರಡು ಕಡೆಯಿಂದ ವಾಪಸಾಗಿ, ಕೊನೆಗೆ 1973ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ಪತ್ರಿಕೆಯಲ್ಲಿ ಅಚ್ಚಾಯಿತು. ನರ್ಸೂ ಅಲ್ಲದವರು ಕಾಲರಾಕ್ಕೆ ಚಿಕಿತ್ಸೆ ಕೊಡುವುದೆಂದರೇನು? ಐದೇ ವರ್ಷದಲ್ಲಿ ಗಾಳಿ ತಿರುಗಿತು. 1978ರಲ್ಲಿ ಲ್ಯಾನ್ಸೆಟ್‌ನ ಸಂಪಾದಕೀಯ, ಸೋಡಿಯಂ-ಗ್ಲೂಕೋಸ್ ಜೊತೆಯಾಗಿ ಸಾಗುವುದನ್ನು ಕಂಡುಹಿಡಿದದ್ದೇ ಪ್ರಾಯಶಃ ಈ ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಎಂದಿತು. ಓಆರ್‌ಎಸ್ ಎಂಬ ಹೆಸರಿನಲ್ಲಿ ಈ ಮಿಶ್ರಣದ ಪೊಟ್ಟಣ ಜಗತ್ತಿನಾದ್ಯಂತ ಹರಡಿತು. ಈ ಹಿರಿಮೆ ಯಾರದು ಎಂಬ ಜಗಳ ಇನ್ನೂ ಮುಗಿದಿಲ್ಲ. ಕ್ರೇನ್‌ನ ಸಿದ್ಧಾಂತವಿಲ್ಲದೆ ಇದು ಹುಟ್ಟುತ್ತಿರಲಿಲ್ಲ ಎನ್ನುವವರಿದ್ದಾರೆ. ಚಟರ್ಜಿ ಮತ್ತು ಫಿಲಿಪ್ಸ್ ಸಿದ್ಧಾಂತದ ಹಂಗಿಲ್ಲದೆಯೇ ಅಲ್ಲಿಗೆ ಮುಟ್ಟಿದ್ದರು ಎನ್ನುವವರೂ ಇದ್ದಾರೆ. ನನಗೆ ಎರಡನೆಯವರ ಮಾತಿನಲ್ಲಿ ಹೆಚ್ಚು ಹುರುಳು ಕಾಣುತ್ತದೆ. ಆದರೂ ಮನಿಲಾದ ಐದು ಸಾವುಗಳನ್ನು ನೆನೆದರೆ, ಕಾರಣ ತಿಳಿಯದೆ ಕೈಗುಣವನ್ನಷ್ಟೇ ನಂಬುವುದರ ಬೆಲೆಯೂ ಎದುರಿಗೆ ನಿಲ್ಲುತ್ತದೆ.

ಸ್ವತಂತ್ರ ಬಾಂಗ್ಲಾದೇಶದಲ್ಲಿ ಬ್ರಾಕ್ ಸಂಸ್ಥೆ ಪೊಟ್ಟಣವನ್ನೂ ಬಿಟ್ಟು ಮುಂದೆ ಹೋಯಿತು. 1980ರಿಂದ ಹತ್ತು ವರ್ಷ ಅದರ ಕಾರ್ಯಕರ್ತೆಯರು ಒಂದು ಕೋಟಿಗೂ ಹೆಚ್ಚು ಮನೆಗಳ ಹೊಸಿಲು ತುಳಿದು, ಚಿಟಿಕೆ ಉಪ್ಪು, ಹಿಡಿ ಬೆಲ್ಲ, ಅರ್ಧ ಸೇರು ನೀರಿನ ಪಾಕ ಕಲಿಸಿದರು. ಸಂಬಳಕ್ಕೆ ಮನೆಗಳ ಲೆಕ್ಕವಿರಲಿಲ್ಲ. ಕಲಿತ ತಾಯಂದಿರಿಗೆ ಪಾಕ ಎಷ್ಟು ನೆನಪಿದೆಯೆಂದು ಆಮೇಲೆ ಪರೀಕ್ಷಿಸಿ, ಅದರ ಮೇಲೆ ದುಡ್ಡು. ಹಾಗಿದ್ದರೂ ಮೊದಮೊದಲು ಬಳಕೆ ಕಡಿಮೆಯೇ ಇತ್ತು. ವಿಚಾರಿಸಿದರೆ, ಹೇಳಿಕೊಡುವವರೇ ತಮಗೆ ಭೇದಿಯಾದಾಗ ಅದನ್ನು ಕುಡಿಯುತ್ತಿರಲಿಲ್ಲವಂತೆ! ಢಾಕಾದ ಪ್ರಯೋಗಾಲಯ ಮುಂದೆ ಗ್ಲೂಕೋಸ್ ಬದಲು ಅಕ್ಕಿಹಿಟ್ಟು ಬೇಯಿಸಿ ಉಪ್ಪು ಹಾಕಿ ಕೊಟ್ಟು, ಕಾಲರಾದಲ್ಲಿ ಅದೂ ಚೆನ್ನಾಗಿ ಕೆಲಸ ಮಾಡುತ್ತದೆಂದು ತೋರಿಸಿತು. ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಗ್ಲೂಕೋಸಾಗುತ್ತದೆ, ಸಾಂದ್ರತೆ ಏರುವುದಿಲ್ಲ. ಉಪ್ಪು ಹಾಕಿದ ಗಂಜಿಗೆ ಶಾಸ್ತ್ರದ ಬೆಂಬಲ ಸಿಕ್ಕಿದ್ದು ಹೀಗೆ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪೊಟ್ಟಣದ ಸಾಂದ್ರತೆಯನ್ನೇ ಇಳಿಸಿತು. ಈಗ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಸಿಹಿ ಹೆಚ್ಚಾದರೆ ಭೇದಿ ಹೆಚ್ಚುತ್ತದೆಂಬ ಮನಿಲಾದ ಪಾಠ ಮಾರುಕಟ್ಟೆಗೆ ಮಾತ್ರ ಬೇಡವಾಗಿತ್ತು. ಸಕ್ಕರೆ ಸುರಿದ ಪಾನೀಯಗಳು ಓಆರ್‌ಎಸ್ ಎಂಬ ಹೆಸರು ಹೊತ್ತು ನಮ್ಮ ಮೆಡಿಕಲ್ ಶಾಪುಗಳಲ್ಲಿ ಕೂತಿದ್ದವು. 2025ರ ಅಕ್ಟೋಬರಿನಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ತೆಗೆಯುವಂತೆ ಆದೇಶಿಸಿತು.

ಮಹಲನಬೀಸ್ 2022ರಲ್ಲಿ ತೀರಿಕೊಂಡರು, ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಕರ್ನಾಟಕ ಮತ್ತು ಬಿಹಾರದ 253 ಊರುಗಳ 2,000ಕ್ಕೂ ಹೆಚ್ಚು ಖಾಸಗಿ ವೈದ್ಯರ ಬಳಿಗೆ, ಮಗುವಿಗೆ ಭೇದಿಯೆಂದು ಹೇಳಿಕೊಂಡು ತರಬೇತಾದ ನಟರು ಹೋಗಿದ್ದರು. ಓಆರ್‌ಎಸ್ ಬರೆಯದೇ ಇರಲು ದೊಡ್ಡ ಕಾರಣ ದಾಸ್ತಾನು ಇಲ್ಲದ್ದಲ್ಲ, ಲಾಭದಾಸೆಯೂ ಅಷ್ಟಾಗಿ ಅಲ್ಲ. ಬಂದವರಿಗೆ ಅದು ಬೇಕಾಗಿಲ್ಲ ಎಂದು ವೈದ್ಯರು ತಾವೇ ಅಂದುಕೊಂಡಿದ್ದರು. ನಮಗೆ ಓಆರ್‌ಎಸ್ ಆದೀತು ಎಂದು ರೋಗಿಯ ಕಡೆಯವರು ಬಾಯಿಬಿಟ್ಟು ಹೇಳಿದ ಕಡೆ ಅದನ್ನು ಬರೆದುಕೊಟ್ಟವರ ಪ್ರಮಾಣ 27 ಶೇಕಡಾಂಶ ಏರಿತು. ಮುಂದಿನ ಸಲ ಮಗುವನ್ನು ಎತ್ತಿಕೊಂಡು ಹೋದಾಗ ಬಾಟ್ಲಿಗೆ ಮೊದಲು ಪೊಟ್ಟಣ ಕೇಳಿ.